ಹೋಗ್ಬನ್ನಿ ರೇಟು

ಹೆತ್ತವರು ಇಟ್ಟ ಹೆಸರು ಬೇರೆ ಇತ್ತು. ಆದರೆ ವರ್ಕ್‌ಶಾಪಿನಲ್ಲಿ ಬಾಗಿಲು ಕಾಯುವವನಿಂದ ಹಿಡಿದು ಯಜಮಾನರ ತನಕ ಎಲ್ಲರ ಬಾಯಲ್ಲೂ ಅವನು ಅಂದಾಜಪ್ಪ. ಗಿರಾಕಿ ತಂದ ಮಾದರಿಯನ್ನು ಕೈಗೆ ತೆಗೆದುಕೊಂಡು, ಹಿಂದೆ ಮುಂದೆ ತಿರುಗಿಸಿ, ಒಳಗೆ ಬೆರಳಿಟ್ಟು ಆಳ ನೋಡಿ, "ಇಷ್ಟಾಗುತ್ತೆ" ಎನ್ನುವುದು ಅವನ ಕೆಲಸ. ಹೇಳುವುದು ಒಂದೇ ಮಾತು, ಅದರ ಹಿಂದೆ ಬೇಕಾದಷ್ಟು ಲೆಕ್ಕ.

ಅಲ್ಲಿ ನಡೆಯುತ್ತಿದ್ದ ಕೆಲಸ ನೋಡುವುದಕ್ಕೆ ಮಕ್ಕಳಾಟ. ಪ್ಲಾಸ್ಟಿಕ್ ಶೀಟನ್ನು ಚೌಕಟ್ಟಿಗೆ ಬಿಗಿದು ಕಾಯಿಸುತ್ತಾರೆ. ಅದು ಒದ್ದೆ ಬಟ್ಟೆಯ ಹಾಗೆ ಜೋತುಬಿದ್ದ ಹೊತ್ತಿಗೆ ಅಚ್ಚಿನ ಮೇಲೆ ಇಳಿಸಿ, ಕೆಳಗಿನಿಂದ ಗಾಳಿ ಎಳೆದುಬಿಟ್ಟರೆ ಶೀಟು ಅಚ್ಚಿಗೆ ಚರ್ಮದಂತೆ ಅಂಟಿ ಕೂರುತ್ತದೆ. ಆರಿದ ಮೇಲೆ ಬಿಡಿಸಿ ಅಂಚು ಕತ್ತರಿಸಿದರೆ ಟ್ರೇಯೋ, ಮುಚ್ಚಳವೋ, ಯಾವುದೋ ಯಂತ್ರದ ಕವಚವೋ ಸಿದ್ಧ. ಆದರೆ ಶೀಟು ಎಷ್ಟು ಬೇಕು, ಅಂಚಿನಲ್ಲಿ ಎಷ್ಟು ಚೂರಾಗಿ ಹೋಗುತ್ತದೆ, ಹದ ಸಿಗುವ ತನಕ ಎಷ್ಟು ಕೆಡುತ್ತವೆ, ಕತ್ತರಿಸುವವನ ಕೈ ಎಷ್ಟು ಹೊತ್ತು ಹಿಡಿಯುತ್ತದೆ, ಇದೆಲ್ಲ ಲೆಕ್ಕಕ್ಕೆ ಬರಬೇಕು. ಎಲ್ಲಕ್ಕೂ ಮೇಲೆ ಅಚ್ಚು.

"ಅಚ್ಚಿನ ಖರ್ಚು ಮನೆ ಬಾಡಿಗೆ ಇದ್ದ ಹಾಗೆ ಸ್ವಾಮಿ," ಎಂದು ಹೊಸಬರಿಗೆ ಅಂದಾಜಪ್ಪ ಬಿಡಿಸಿ ಹೇಳುತ್ತಿದ್ದ. "ಒಬ್ಬರೇ ಇದ್ರೂ ಅಷ್ಟೇ, ಹತ್ತು ಜನ ಇದ್ರೂ ಅಷ್ಟೇ. ಸಾವಿರಗಟ್ಟಲೆ ಮಾಡಿಸಿದ್ರೆ ಒಂದೊಂದರ ತಲೆ ಮೇಲೆ ಚೂರು ಚೂರು ಬೀಳುತ್ತೆ. ಐವತ್ತೋ ನೂರೋ ಮಾಡಿಸಿದ್ರೆ ಅಚ್ಚೇ ನಿಮ್ಮನ್ನ ತಿಂದುಹಾಕುತ್ತೆ."

ಅಂಥ ಐವತ್ತು ನೂರರ ಗಿರಾಕಿಗಳು ಯಜಮಾನರಿಗೆ ತಲೆನೋವು. ಅದಕ್ಕೊಂದು ಉಪಾಯವನ್ನೂ ಅವರೇ ಕಲಿಸಿಕೊಟ್ಟಿದ್ದರು. "ಆಗಲ್ಲ ಅಂತ ಮಾತ್ರ ಹೇಳ್ಬೇಡ. ಆಗಲ್ಲ ಅಂದ್ರೆ ಹೋದಲ್ಲೆಲ್ಲ ಹೇಳ್ಕೊಂಡು ತಿರುಗ್ತಾರೆ. ರೇಟು ಹೇಳು. ಅದನ್ನ ಕೇಳಿದ ಮೇಲೆ ಅವರೇ 'ಯೋಚನೆ ಮಾಡಿ ಬರ್ತೀನಿ' ಅಂತ ಎದ್ದು ಹೋಗ್ಬೇಕು." ಇದಕ್ಕೆ ವರ್ಕ್‌ಶಾಪಿನಲ್ಲಿ ಹೋಗ್ಬನ್ನಿ ರೇಟು ಎಂದೇ ಹೆಸರು ಬಿದ್ದಿತ್ತು. ನಗುನಗುತ್ತಾ ಹೋಗಿ ಬನ್ನಿ ಎಂದ ಹಾಗೂ ಆಯಿತು, ಅವರು ಮತ್ತೆ ಬಾರದ ಹಾಗೂ ಆಯಿತು. ಅಂದಾಜಪ್ಪ ಆ ರೇಟನ್ನು ಎಷ್ಟು ಸಲ ಹಾಕಿದ್ದನೋ ಅವನಿಗೇ ನೆನಪಿಲ್ಲ. ಒಂದು ಸಲವೂ ಅದರಿಂದ ಅವನ ನಿದ್ದೆ ಕೆಟ್ಟಿರಲಿಲ್ಲ.

ಅವನಿಗೆ ಇದ್ದವಳು ಒಬ್ಬಳೇ ಅಕ್ಕ. ಭಾವನದು ಹೊಲಿಗೆ ಯಂತ್ರ ರಿಪೇರಿ ಅಂಗಡಿ. ಅಚ್ಚಿನ ಕೆಲಸ ಕಲಿಯುವ ದಿನಗಳಲ್ಲಿ ಅಂದಾಜಪ್ಪ ಇದ್ದದ್ದು ಉಂಡದ್ದು ಎಲ್ಲ ಅವರ ಮನೆಯಲ್ಲೇ. ಭಾವನ ಕೈ ಬಂಗಾರ, ಕೆಟ್ಟು ಕೂತ ಯಾವ ಯಂತ್ರವೂ ಅವರ ಮುಂದೆ ಹಟ ಮಾಡುತ್ತಿರಲಿಲ್ಲ. ಆದರೆ ತಲೆ ಮಾತ್ರ ಒಂದು ಕಡೆ ನಿಲ್ಲುವಂಥದ್ದಲ್ಲ. ಒಮ್ಮೆ ಮಳೆ ಬಂದರೆ ಒಣಹಾಕಿದ ಬಟ್ಟೆಗಳು ತಾವೇ ಒಳಗೆ ಬರಲಿ ಎಂದು ಹಗ್ಗಕ್ಕೆ ರಾಟೆ ಕಟ್ಟಿ, ತುದಿಗೆ ಬಕೆಟ್ ತೂಗುಬಿಟ್ಟರು. ಬಕೆಟಿನಲ್ಲಿ ಮಳೆನೀರು ತುಂಬಿದರೆ ಅದರ ಭಾರಕ್ಕೆ ಹಗ್ಗ ಒಳಗೆ ಸರಿಯಬೇಕು. ಸರಿಯಿತು ಕೂಡ. ಆದರೆ ಹಗ್ಗದ ಇನ್ನೊಂದು ತುದಿಯನ್ನು ಪಕ್ಕದ ಮನೆಯ ಕಿಟಕಿಗೆ ಕಟ್ಟಿದ್ದರು. ಬಟ್ಟೆಯ ಜೊತೆಗೆ ಕಿಟಕಿಯ ಬಾಗಿಲೂ ಕಿತ್ತುಕೊಂಡು ಬಂತು. ಅಂದಿನಿಂದ ಬೀದಿಯವರು ಅವರನ್ನು ಐಡಿಯಾ ಎನ್ನತೊಡಗಿದರು. ಭಾವ ಅದಕ್ಕೆ ಬೇಜಾರು ಮಾಡಿಕೊಳ್ಳಲಿಲ್ಲ, ಕರೆದವರ ಜೊತೆ ತಾವೂ ನಕ್ಕರು. ಬೇಜಾರು ಆಗುತ್ತಿದ್ದುದು ಅಂದಾಜಪ್ಪನಿಗೆ. ಜೊತೆಯಲ್ಲಿ ಬೀದಿಗೆ ಇಳಿದಾಗ ಯಾರಾದರೂ "ಏನ್ ಐಡಿಯಾ, ಹೊಸದೇನು?" ಎಂದರೆ ಇವನು ಎರಡು ಹೆಜ್ಜೆ ಹಿಂದೆ ಬೀಳುತ್ತಿದ್ದ.

ಹೀಗಿರುವಾಗ ಭಾವನ ತಾಯಿಗೆ ಲಕ್ವ ಹೊಡೆಯಿತು. ಮನೆಮಂದಿಯೆಲ್ಲ ಅಜ್ಜಿ ಎನ್ನುತ್ತಿದ್ದ ಆಕೆ ಸೊಸೆಯ ಕೈಯಿಂದ ಒಂದು ತುತ್ತು ತಿನ್ನುವುದಕ್ಕೂ ಒಪ್ಪದ ಹೆಂಗಸು. ಬಲಗೈ ಬಿದ್ದುಹೋಗಿತ್ತು. ಎಡಗೈಯಲ್ಲಿ ಚಮಚ ಹಿಡಿದು ತುಂಬಿಕೊಳ್ಳಲು ಹೋದರೆ ತಟ್ಟೆ ಜಾರುತ್ತಿತ್ತು, ಅನ್ನ ಅಂಚಿನಿಂದಾಚೆ ಚೆಲ್ಲುತ್ತಿತ್ತು. ಭಾವ ಮೂರು ನಾಲ್ಕು ದಿನ ತಾಯಿಯ ಎದುರು ಕೂತು ನೋಡಿದರು. ಆಮೇಲೆ ಮರದ ತುಂಡೊಂದನ್ನು ತಂದು ತಟ್ಟೆ ಕೆತ್ತಿದರು. ಒಂದು ಕಡೆ ಅಂಚು ಎತ್ತರ, ಆ ಅಂಚಿನ ತುದಿ ಒಳಕ್ಕೆ ಚೂರು ಬಾಗಿದೆ. ತಳ ಆ ಕಡೆಗೆ ಇಳಿಜಾರು, ಅಡಿಯಲ್ಲಿ ಜಾರದ ಹಾಗೆ ಅಂಟಿಸಿದ ರಬ್ಬರ್ ಪಟ್ಟಿ. ಚಮಚ ದೂಡಿದರೆ ಅನ್ನ ಎತ್ತರದ ಅಂಚಿಗೆ ತಾಗಿ, ತುದಿಯ ಬಾಗಿಗೆ ತಡೆದು, ಮಗುಚಿ ಚಮಚದೊಳಕ್ಕೇ ಬೀಳಬೇಕು. ಅಜ್ಜಿ ಅದರಲ್ಲಿ ಉಂಡರು. ಅವರಿಗೆ ವ್ಯಾಯಾಮ ಮಾಡಿಸಲು ಆಸ್ಪತ್ರೆಯಿಂದ ಬರುತ್ತಿದ್ದ ಹೆಂಗಸು ತಟ್ಟೆಯನ್ನು ಎತ್ತಿ ನೋಡಿ, "ಮರದ್ದು ತೊಳೆಯೋದು ಕಷ್ಟ. ಪ್ಲಾಸ್ಟಿಕ್‌ನಲ್ಲಿ ಮಾಡಿಸಿಕೊಟ್ರೆ ನಮ್ಮಲ್ಲಿ ಬೇಕಾದವರು ಎಷ್ಟೋ ಜನ ಇದ್ದಾರೆ," ಎಂದಳು. ಭಾವನಿಗೆ ಅಷ್ಟು ಸಾಕಾಯಿತು. ಪ್ಲಾಸ್ಟಿಕ್ ಅಂದರೆ ಬಾಮೈದ. ಮರುದಿನವೇ ತಟ್ಟೆಯನ್ನು ಚೀಲಕ್ಕೆ ಹಾಕಿಕೊಂಡು ವರ್ಕ್‌ಶಾಪಿಗೆ ನಡೆದರು.

ಅವರು ಕಾಲಿಟ್ಟ ಗಳಿಗೆಯೇ ಸರಿ ಇರಲಿಲ್ಲ. ಯಜಮಾನರು ವರ್ಷದಿಂದ ಕಾದಿದ್ದ ದೊಡ್ಡ ಕಂಪನಿಯ ಖರೀದಿ ಅಧಿಕಾರಿ ಅಂದು ಬಂದಿದ್ದಳು. ಕಡಿಮೆ ಮಾತು, ಇಸ್ತ್ರಿ ಮಡಿಕೆ ಮುರಿಯದ ಬಟ್ಟೆ, ಎದುರಿಗೆ ತೆರೆದ ಫೈಲು. ಅಂದಾಜಪ್ಪ ಅವಳಿಗೆ ಕವಚದ ಲೆಕ್ಕವನ್ನು ಒಂದೊಂದಾಗಿ ವಿವರಿಸುತ್ತಿದ್ದ. ಆಗ ಬಾಗಿಲಲ್ಲಿ, "ಏನೋ ಮರಿ, ಇಲ್ಲಿದೀಯಾ! ಒಳಗೆಲ್ಲ ಹುಡುಕಿ ಬಂದೆ!" ಎಂದು ದನಿ ಕೇಳಿತು. ಭಾವನ ಅಂಗಿಯ ಜೇಬಿನ ಮೇಲೆ ಯಂತ್ರದ ಎಣ್ಣೆಯ ಕಲೆ, ಕಿವಿಯ ಮೇಲೆ ಪೆನ್ಸಿಲ್. ಯಾರು ಏನು ಎಂದು ನೋಡದೆ ಮೇಜಿನ ಮೇಲೆ ತಟ್ಟೆ ಇಟ್ಟರು.

"ಒಂದು ನಿಮಿಷ, ಒಂದೇ ನಿಮಿಷ. ಅಮ್ಮಾವರೂ ನೋಡ್ಲಿ," ಎನ್ನುತ್ತಾ ಬಲಗೈಯನ್ನು ಬೆನ್ನ ಹಿಂದೆ ಮಡಚಿಕೊಂಡರು. ಪಕ್ಕದ ಡಬ್ಬದಲ್ಲಿದ್ದ ಪ್ಲಾಸ್ಟಿಕ್ ಚೂರುಗಳನ್ನು ಎಡಗೈಯಲ್ಲಿ ಬಾಚಿ ತಟ್ಟೆಗೆ ಹಾಕಿದರು. ಜೇಬಿನಿಂದ ಚಮಚ ತೆಗೆದು ದೂಡಿದರು. ಎರಡು ಸಲ ಚೂರುಗಳು ಸರಿಯಾಗಿ ಚಮಚದೊಳಗೆ ಬಿದ್ದವು. ಉತ್ಸಾಹ ಹೆಚ್ಚಾಗಿ ಮೂರನೆಯ ಸಲ ಜೋರಾಗಿ ದೂಡಿದರು. ಚೂರುಗಳು ಹಾರಿ ಅಧಿಕಾರಿಯ ಫೈಲಿನ ಮೇಲೂ ಮಡಿಲಲ್ಲೂ ಬಿದ್ದವು.

ಯಜಮಾನರು ಹೋ ಎಂದು ನಕ್ಕರು. ಅಧಿಕಾರಿಯೂ ನಕ್ಕಳೇನೋ, ಆದರೆ ಅಂದಾಜಪ್ಪನಿಗೆ ಅದನ್ನು ನೋಡುವ ಧೈರ್ಯ ಇರಲಿಲ್ಲ.

"ಯಾರಪ್ಪಾ ಇವರು? ನಿಮ್ಮವರಾ?" ಎಂದು ಯಜಮಾನರು ಕೇಳಿದರು.

"ಅಲ್ಲ ಸಾರ್, ಯಾರೋ ನಮ್ಮ ಬೀದಿ ಕಡೆಯವರು," ಎಂದ ಅಂದಾಜಪ್ಪ.

ಮಾತು ಮೆಲ್ಲಗೇ ಬಂದಿತ್ತು. ಭಾವ ಆಗ ಬಗ್ಗಿ ನೆಲದ ಮೇಲಿನ ಚೂರು ಆಯುತ್ತಿದ್ದರು. ತಲೆ ಎತ್ತಿದಾಗ ಮುಖ ಎಂದಿನಂತೆಯೇ ಇತ್ತು. "ಇನ್ನೂರು ಮಾಡಿಸ್ಬೇಕು. ಎಷ್ಟಾಗುತ್ತೆ?" ಎಂದಷ್ಟೇ ಕೇಳಿದರು.

ಅವರನ್ನು ಅಲ್ಲಿಂದ ಎಬ್ಬಿಸಿ ಕಳಿಸಿದರೆ ಸಾಕಾಗಿತ್ತು ಅಂದಾಜಪ್ಪನಿಗೆ. ತಟ್ಟೆಯನ್ನು ಮುಟ್ಟುತ್ತಿದ್ದಂತೆ ಅಸಲಿ ಲೆಕ್ಕ ಅವನ ತಲೆಯೊಳಗೆ ತಾನಾಗಿಯೇ ಬಂದು ಕೂತಿತ್ತು. ಇನ್ನೂರಕ್ಕೆ ಮರದ ಅಚ್ಚು ಧಾರಾಳ. ಅಂಚಿನ ಬಾಗು ಚಿಕ್ಕದು. ಶೀಟು ಪೂರ್ತಿ ಆರುವ ಮೊದಲು ಬಗ್ಗಿಸಿ ಎಳೆದರೆ ಅಚ್ಚಿನಿಂದ ಬಿಟ್ಟುಕೊಂಡು ಬರುತ್ತದೆ. ಆದರೆ ಕಾಗದದ ಮೇಲೆ ಅವನು ಬರೆದದ್ದು ಬೇರೆ. ಅಲ್ಯೂಮಿನಿಯಂ ಅಚ್ಚು. ಬಾಗಿದ ಅಂಚಿಗೆ ಅಂತ ಪ್ರತಿ ಸಲ ಬಿಚ್ಚಿ ಮತ್ತೆ ಕೂರಿಸುವ ಬೇರೆ ತುಂಡು. ದಪ್ಪ ಶೀಟು. ಕೆಡುವುದಕ್ಕೆಂದು ಇನ್ನಷ್ಟು. ಕೊನೆಗೆ ಎಲ್ಲದರ ಮೇಲೆ ಲಾಭ, ಅದೂ ಕೈತುಂಬ. ಒಟ್ಟು ಸರಿಯಾದ ದರದ ಮೂರು ಪಟ್ಟಿಗೆ ಬಂದು ನಿಂತಿತು. ಕಾಗದವನ್ನು ಮಡಿಚಿ ಕೊಟ್ಟು, "ಯೋಚನೆ ಮಾಡಿ ಹೇಳಿ," ಎಂದ.

ಭಾವ ಬಿಡಿಸಿ ಓದಿದರು. ಓದಿ ಮುಗಿಸುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. "ಆಯ್ತು," ಎಂದು ತಟ್ಟೆಯನ್ನು ಅಲ್ಲೇ ಬಿಟ್ಟು ಹೋದರು.

ಇನ್ನು ಆ ಸುದ್ದಿ ಮುಗಿಯಿತು ಎಂದುಕೊಂಡಿದ್ದ ಅಂದಾಜಪ್ಪ. ವಾರ ಕಳೆಯುವುದರೊಳಗೆ ಭಾವ ಮುಂಗಡದ ಹಣ ಹಿಡಿದು ಬಂದರು. ಬಾಡಿಗೆಗೆ ಬಿಟ್ಟಿದ್ದ, ಕಾರ್ಖಾನೆಗಳಲ್ಲಿ ಬಳಸುವಂಥ ದೊಡ್ಡ ಹೊಲಿಗೆ ಯಂತ್ರವನ್ನು ಮಾರಿದ್ದರು. ತಿಂಗಳು ತಿಂಗಳು ತಪ್ಪದೆ ಮನೆಗೆ ಬರುತ್ತಿದ್ದ ಆದಾಯ ಅದೊಂದೇ ಎಂದು ಅಂದಾಜಪ್ಪನಿಗೆ ಚೆನ್ನಾಗಿ ಗೊತ್ತಿತ್ತು.

"ಭಾವ, ಇಷ್ಟು ಅವಸರ ಯಾಕೆ? ಬೇರೆ ಕಡೆ ಒಂದು ಸಲ ವಿಚಾರಿಸಿ ನೋಡಬಹುದಿತ್ತು," ಎಂದ ಅಂದಾಜಪ್ಪ.

"ನಿನ್ನಕ್ಕ ಕೇಳ್ಬೇಕಲ್ಲ! ನನ್ನ ತಮ್ಮ ಹಾಕಿದ ಲೆಕ್ಕದ ಮೇಲೆ ಇನ್ನೊಬ್ಬರ ಲೆಕ್ಕ ಯಾಕೆ ಅಂದ್ಲು."

ಅಲ್ಲೇ, ಆ ಗಳಿಗೆಯಲ್ಲೇ ಬಾಯಿ ಬಿಡಬಹುದಿತ್ತು. ಕಾಗದ ಹರಿದುಹಾಕಿ, ಲೆಕ್ಕ ತಪ್ಪಿತ್ತು ಭಾವ, ಮೂರರಲ್ಲಿ ಒಂದು ಪಾಲು ಕೊಡಿ ಸಾಕು ಎಂದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ತಪ್ಪಿದ್ದು ಹೇಗೆ ಎಂದು ಕೇಳಿದರೆ ಏನು ಹೇಳುವುದು? ಅಷ್ಟರಲ್ಲಿ ಯಜಮಾನರು ಬಂದರು, ಹಣ ನೋಡಿದರು, ಭಾವ ಹೋದ ಮೇಲೆ ಮೇಜು ತಟ್ಟಿದರು. "ಭಲೇ! ಹೋಗ್ಬನ್ನಿ ರೇಟಿಗೆ ಒಪ್ಪಿದ ಗಿರಾಕಿಯನ್ನ ಇದೇ ಮೊದಲ ಸಲ ನೋಡ್ತಿದೀನಿ!"

ಸುದ್ದಿ ವರ್ಕ್‌ಶಾಪಿನ ತುಂಬ ಹರಡಿತು. ಊಟದ ಹೊತ್ತಿಗೆ ಅಚ್ಚು ಮಾಡುವ ಮೇಸ್ತ್ರಿ ಬುತ್ತಿ ಬಿಚ್ಚುತ್ತಾ, "ಯಾವನಪ್ಪಾ ಆ ಪುಣ್ಯಾತ್ಮ? ಕಣ್ಣು ಮುಚ್ಚಿ ಬಾವಿಗೆ ಹಾರೋನು!" ಎಂದರು. ಎಲ್ಲರೂ ನಕ್ಕರು. ಅಂದಾಜಪ್ಪನೂ ನಕ್ಕ. ಆ ನಗು ಅವನಿಗೆ ಆಮೇಲೆ ಎಷ್ಟೋ ಸಲ ನೆನಪಾಗುತ್ತಿತ್ತು. ಬೀದಿ ಕಡೆಯವರು ಎಂದದ್ದಾದರೂ ನಾಚಿಕೆಯ ಭರದಲ್ಲಿ ಬಾಯಿ ಜಾರಿ ಬಂದದ್ದು. ಈ ನಗು ಹಾಗಲ್ಲ. ಇದನ್ನು ಅವನು ಆರಾಮಾಗಿ ಕೂತು, ಬುತ್ತಿ ತಿನ್ನುತ್ತಾ ನಕ್ಕಿದ್ದ.

ಅಚ್ಚಿನ ಕೆಲಸ ಶುರುವಾಗುವ ದಿನ ಯಜಮಾನರು, "ಮರದಲ್ಲೇ ಮುಗಿಸು, ಅವರಿಗೇನು ತಿಳಿಯುತ್ತೆ," ಎಂದರು. ಅಂದಾಜಪ್ಪ ಅಂದು ಮಾತ್ರ ಗಟ್ಟಿಯಾಗಿ ನಿಂತ. "ಕೊಟೇಶನ್ನಲ್ಲಿ ಅಲ್ಯೂಮಿನಿಯಂ ಅಂತ ಬರೆದಿದೆ ಸಾರ್. ಅಲ್ಯೂಮಿನಿಯಂನಲ್ಲೇ ಆಗ್ಬೇಕು." ತೆಗೆದುಕೊಂಡ ಹಣಕ್ಕೆ ತಕ್ಕ ಮಾಲು ಕೊಟ್ಟುಬಿಟ್ಟರೆ ಪಾಪ ತೊಳೆದುಹೋಗುತ್ತದೆ ಎಂಬ ಆಸೆ.

"ಇನ್ನೂರು ತಟ್ಟೆಗೆ ಅಲ್ಯೂಮಿನಿಯಂ ಅಚ್ಚಾ? ಸೊಳ್ಳೆ ಹೊಡೆಯೋಕೆ ಸುತ್ತಿಗೆ ತಂದ ಹಾಗಾಯ್ತು," ಎಂದು ಮೇಸ್ತ್ರಿ ಗೊಣಗಿದರು. ಗೊಣಗುತ್ತಲೇ ಕನ್ನಡಿಯಂಥ ಅಚ್ಚು ಮಾಡಿಕೊಟ್ಟರು. ಮೊದಲ ಕೆಲವು ತಟ್ಟೆಗಳಲ್ಲಿ ಎತ್ತರದ ಅಂಚು ತೆಳುವಾಗಿ, ಬೆಳಕಿಗೆ ಹಿಡಿದರೆ ಆಚೆ ಕಾಣುವಂತಿತ್ತು. ಶೀಟು ಅಷ್ಟು ಎತ್ತರಕ್ಕೆ ಎಳೆದುಕೊಂಡಾಗ ಹಾಗಾಗುವುದೇ. ಅಂದಾಜಪ್ಪ ತನ್ನ ಮೇಜು ಬಿಟ್ಟು ಬಂದು ಯಂತ್ರದ ಪಕ್ಕದಲ್ಲೇ ನಿಂತ. ಆ ಕಡೆಗೆ ಶಾಖ ಕಡಿಮೆ ಮಾಡಿಸಿ, ಗಾಳಿ ಎಳೆಯುವುದನ್ನು ಒಂದು ಕ್ಷಣ ತಡ ಮಾಡಿಸಿ, ಅಂಚು ಗಟ್ಟಿಯಾಗಿ ಬರುವ ತನಕ ಬಿಡಲಿಲ್ಲ. ಇವನಿಗೇನು ಹುಚ್ಚೇ ಎಂದು ಯಂತ್ರದವರು ಮುಖ ಮುಖ ನೋಡಿಕೊಂಡರು.

ತಟ್ಟೆಗಳು ಮನೆ ಸೇರಿದ ಮರುದಿನ ಅಕ್ಕ ಊಟಕ್ಕೆ ಕರೆದಳು. ಹೋಗದೆ ಇರುವುದಕ್ಕೆ ನೆಪ ಸಿಗಲಿಲ್ಲ. ಅಜ್ಜಿ ಕಿಟಕಿಯ ಪಕ್ಕ ಕೂತು ಹೊಸ ತಟ್ಟೆಯಲ್ಲಿ ಉಣ್ಣುತ್ತಿದ್ದರು. ಮಡಿಲ ಮೇಲೆ ಹಾಸಿದ ಬಟ್ಟೆಯ ಮೇಲೆ ಒಂದು ಅಗುಳೂ ಇರಲಿಲ್ಲ.

"ಇಷ್ಟು ದಿನ ತಟ್ಟೆ ಓಡ್ತಿತ್ತು, ನಾನು ಅದರ ಹಿಂದೆ ಓಡ್ತಿದ್ದೆ," ಎಂದರು ಅಜ್ಜಿ, ಸೊಟ್ಟಗಾದ ಬಾಯಲ್ಲೇ ನಗುತ್ತಾ. "ಈಗ ನೋಡು, ನಿಂತ ಕಡೆ ನಿಂತಿದೆ. ನಿಮ್ಮ ಭಾವನಿಗಿಂತ ಇದೇ ವಾಸಿ."

ಅಕ್ಕ ಬಡಿಸುತ್ತಾ, "ನನ್ನ ತಮ್ಮ ಅಂತ ಆಯ್ತು. ಬೇರೆ ಯಾರಾದ್ರೂ ಆಗಿದ್ರೆ ನಮ್ಮನ್ನ ಸುಲಿದು ತಿಂದಿರೋರು," ಎಂದಳು. ಇನ್ನೊಂದು ಸೌಟು ಹಾಕಿದಳು. ಅಂದಾಜಪ್ಪ ನೀರಿನ ಲೋಟಕ್ಕೆ ಕೈ ಹಾಕಿದ. ಭಾವ ತಲೆ ತಗ್ಗಿಸಿ ತಮ್ಮ ಪಾಡಿಗೆ ಉಣ್ಣುತ್ತಿದ್ದರು.

ತಟ್ಟೆ ಚೆನ್ನಾಗಿತ್ತು, ಆದರೆ ಮಾರಾಟವಾಗಲಿಲ್ಲ. ಆಗುವುದಾದರೂ ಹೇಗೆ? ವ್ಯಾಯಾಮದ ಹೆಂಗಸು ಕೈಯಲ್ಲಿ ಹಿಡಿದು ಮೆಚ್ಚಿದಳು, ಬೆಲೆ ಕೇಳಿ ಮೆಲ್ಲಗೆ ಕೆಳಗಿಟ್ಟಳು. ವೃದ್ಧಾಶ್ರಮದ ಮೇಲ್ವಿಚಾರಕ, "ಈ ದುಡ್ಡಿಗೆ ಒಬ್ಬರಿಗೆ ವಾರದ ಊಟ ಹಾಕ್ತೀವಲ್ಲ," ಎಂದ. ಹಾಕಿದ ಹಣವಾದರೂ ಬರಬೇಕೆಂದರೆ ಭಾವ ಅದಕ್ಕಿಂತ ಇಳಿಯುವಂತಿರಲಿಲ್ಲ. ತಟ್ಟೆಗಳು ಗೋಣಿಚೀಲದಲ್ಲಿ ಮಂಚದ ಕೆಳಗೆ ಸೇರಿದವು. ಕೆಲವು ದಿನಗಳ ಮೇಲೆ ಅಂದಾಜಪ್ಪ ಹೋದಾಗ ಅಕ್ಕ ಯಾರದೋ ಶಾಲೆಯ ಮಕ್ಕಳ ಸಮವಸ್ತ್ರಗಳಿಗೆ ಗುಂಡಿ ಹೊಲಿಯುತ್ತಾ ಕೂತಿದ್ದಳು. "ಕೂತು ಕೂತು ಬೇಜಾರು ಅಂತ ಹಿಡ್ಕೊಂಡೆ ಕಣೋ," ಎಂದಳು. ಅಕ್ಕನಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಹೇಳುವಾಗ ಕಣ್ಣು ತಪ್ಪಿಸುತ್ತಿದ್ದಳು.

ಅಲ್ಲಿಂದ ಎದ್ದವನು ನೇರ ಭಾವನ ಅಂಗಡಿಗೆ ಹೋದ. ಮಟಮಟ ಮಧ್ಯಾಹ್ನ. ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ಭಾವ ಒಂದು ಹಳೆಯ ಯಂತ್ರವನ್ನು ಮಗ್ಗುಲಿಗೆ ಮಲಗಿಸಿ ಎಣ್ಣೆ ಬಿಡುತ್ತಿದ್ದರು.

"ಬಾ ಮರಿ, ಕೂತ್ಕೋ."

ಅವನು ಕೂರಲಿಲ್ಲ. "ಭಾವ, ಆ ರೇಟು... ಅದು ಸರಿಯಾದ ರೇಟಲ್ಲ."

"ಅಂದ್ರೆ?"

ಹೇಳಿದ. ಮರದ ಅಚ್ಚು ಸಾಕಿತ್ತು ಎಂದ. ಬಿಚ್ಚುವ ತುಂಡು ಬೇಕಿರಲಿಲ್ಲ ಎಂದ. ಮೂರು ಪಟ್ಟು ಎಂದ. ಹೇಳುತ್ತಾ ಹೋದಂತೆ ಮಾತು ಲೆಕ್ಕದ ಸುತ್ತಲೇ ತಿರುಗುತ್ತಿದೆ, ಹೇಳಬೇಕಾದದ್ದು ಬಾಕಿಯೇ ಇದೆ ಎಂದು ಅವನಿಗೇ ತಿಳಿಯಿತು. ಕೊನೆಗೆ, "ನೀವು ಎದ್ದು ಹೋಗ್ಲಿ ಅಂತ ಹಾಕಿದ ರೇಟು ಭಾವ, ಅದು," ಎಂದುಬಿಟ್ಟ.

ಎಣ್ಣೆಯ ಡಬ್ಬಿ ಭಾವನ ಕೈಯಲ್ಲೇ ಉಳಿಯಿತು. ಅದರ ಮೂತಿಯಿಂದ ಎಣ್ಣೆ ತೊಟ್ಟಿಕ್ಕಿ ಅವರ ಮೊಣಕಾಲ ಮೇಲೆ ಬೀಳುತ್ತಿತ್ತು.

"ಅವತ್ತು ನಿಮ್ಮ ಯಜಮಾನರು ಕೇಳಿದ್ರಲ್ಲ, ಯಾರು ಇವರು ಅಂತ," ಎಂದರು. "ನೀನು ಹೇಳಿದ್ದು ನನಗೆ ಕೇಳಿಸಿತ್ತು ಕಣೋ."

ಅಂದಾಜಪ್ಪನಿಗೆ ನಿಂತ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

"ಕೆಟ್ಟದ್ದೇನೂ ಅಂದ್ಕೊಳ್ಳಲಿಲ್ಲ ನಾನು. ದೊಡ್ಡವರು ಕೂತಿದ್ರು, ನಾನು ಕೋತಿ ಕುಣಿದ ಹಾಗೆ ಕುಣಿದೆ, ಪಾಪ ಹುಡುಗನಿಗೆ ನಾಚಿಕೆ ಆಗಿರುತ್ತೆ ಅಂತ ಬಿಟ್ಟೆ. ಹೊರಗಿನವನು ಅಂದ್ಮೇಲೆ ಹೊರಗಿನವರ ರೇಟೇ ಹಾಕಿರ್ತಾನೆ. ಹಾಕ್ಲಿ, ಅದು ನ್ಯಾಯ. ಮನೆಯವನು ಅಂತ ಹೇಳ್ಕೊಂಡು ಕಡಿಮೆ ಮಾಡಿಸ್ಕೊಂಡ್ರೆ ಅವನಿಗೆ ತಲೆ ತಗ್ಗಿಸೋ ಹಾಗಾಗುತ್ತೆ. ಅದಕ್ಕೇ ಚೌಕಾಸಿನೂ ಮಾಡಲಿಲ್ಲ." ಭಾವ ಮೊಣಕಾಲ ಮೇಲಿನ ಎಣ್ಣೆಯನ್ನು ಬಟ್ಟೆಯಿಂದ ಒತ್ತಿ ಒರೆಸಿದರು. "ಹೊರಗಿನವರಿಗೂ ಇಷ್ಟು ಹಾಕಲ್ಲ ಅನ್ನೋದು ಇವತ್ತು ಗೊತ್ತಾಯ್ತು."

"ಭಾವ..."

"ನಿನ್ನಕ್ಕನಿಗೆ ಹೇಳ್ಬೇಡ. ಅವಳಿಗೆ ತಡೆಯೋಕಾಗಲ್ಲ."

ಅಷ್ಟು ಹೇಳಿ ಯಂತ್ರವನ್ನು ಎತ್ತಿ ನಿಲ್ಲಿಸಿ ಚಕ್ರ ತಿರುಗಿಸತೊಡಗಿದರು. ಬೈದಿದ್ದರೆ ಕಾಲು ಹಿಡಿಯಬಹುದಿತ್ತು. ಅವರು ಬೈಯಲಿಲ್ಲ. ಅಂದಾಜಪ್ಪ ಹೊರಟುಬಂದ.

ಮರುದಿನ ಬೆಳಿಗ್ಗೆ ಯಜಮಾನರ ಮುಂದೆ ನಿಂತು, ಆ ತಟ್ಟೆಯ ಗಿರಾಕಿ ತನ್ನ ಅಕ್ಕನ ಗಂಡ ಎಂದ. ಕೆಲಸ ಹೋದರೆ ಹೋಗಲಿ ಎಂದೇ ಬಂದಿದ್ದ. ಯಜಮಾನರು ಕನ್ನಡಕ ತೆಗೆದು ಅವನನ್ನೇ ನೋಡಿದರು.

"ನಿನಗೆ ಬುದ್ಧಿ ಇದೆಯೇನಯ್ಯಾ? ಅವತ್ತೇ ಹೇಳಬಾರದಿತ್ತಾ? ನಿನ್ನ ಭಾವ ಅಂತ ಒಂದು ಮಾತು ಅಂದಿದ್ರೆ ಖರ್ಚಿಗೆ ಖರ್ಚು ಅಂತ ಮಾಡಿಕೊಡ್ತಿದ್ದೆ. ಕಂಪನಿಯಿಂದ ಬಂದಿದ್ದ ಆ ಯಮ್ಮನೂ ಎಷ್ಟು ನಕ್ಕಳು ಗೊತ್ತಾ? ಹೋಗುವಾಗ 'ಆ ತಟ್ಟೆ ಆದ್ಮೇಲೆ ನನಗೊಂದು ಕಳಿಸಿ, ನಮ್ಮ ಮಾವನಿಗೆ ಬೇಕು' ಅಂತ ಹೇಳಿಹೋಗಿದ್ದಾಳೆ. ನಾನೇ ಮರೆತೆ."

ಯಾರ ಮುಂದೆ ಮರ್ಯಾದೆ ಹೋಗುತ್ತದೆಂದು ಅಂದಾಜಪ್ಪ ತನ್ನವರನ್ನು ತನ್ನವರಲ್ಲ ಎಂದಿದ್ದನೋ ಅವರಿಗೆಲ್ಲ ಭಾವ ಹಿಡಿಸಿದ್ದರು. ಹಿಡಿಸದೆ ಇದ್ದದ್ದು ಅವನೊಬ್ಬನಿಗೆ.

ಹಣ ವಾಪಸು ಕೊಡುವುದಕ್ಕೆ ಯಜಮಾನರು ಒಪ್ಪಲಿಲ್ಲ. ವ್ಯವಹಾರ ವ್ಯವಹಾರವೇ. ಆದರೆ ದಾರಿಯೊಂದನ್ನು ಹೇಳಿದರು. ಅಚ್ಚು ಹೇಗೂ ಇದೆ, ಅದರ ದುಡ್ಡೂ ಬಂದಿದೆ. ಅಲ್ಯೂಮಿನಿಯಂ ಆದ್ದರಿಂದ ಸವೆಯುವ ಭಯವಿಲ್ಲ. ಯಂತ್ರ ಖಾಲಿ ಇರುವಾಗ ಇನ್ನಷ್ಟು ತಟ್ಟೆ ಎಳೆದುಕೊಳ್ಳಲಿ, ಶೀಟು ಮತ್ತು ಕರೆಂಟಿನ ಖರ್ಚು ಮಾತ್ರ ಅಂದಾಜಪ್ಪನ ಸಂಬಳದಲ್ಲಿ ಮುರಿಯುವುದು. ಹೊಸ ತಟ್ಟೆಯನ್ನು ಹಳೆಯದರ ಜೊತೆ ಸೇರಿಸಿ ಲೆಕ್ಕ ಹಾಕಿದರೆ ಒಂದೊಂದರ ಬೆಲೆ ಕೊಳ್ಳುವವರ ಕೈಗೆ ಎಟಕುವಷ್ಟು ಇಳಿಯುತ್ತದೆ. ಅಂದಾಜಪ್ಪ ಒಪ್ಪಿಕೊಂಡ. ಬಿಡುವಾದಾಗಲೆಲ್ಲ ತಾನೇ ನಿಂತು ಅಂಚು ಕತ್ತರಿಸಿದ. ಮೇಸ್ತ್ರಿಗೂ ವಿಷಯ ತಿಳಿದಿತ್ತು. ಅವರು ಒಂದು ದಿನ ಏನೂ ಮಾತಾಡದೆ ಪಕ್ಕದಲ್ಲಿ ಬಂದು ಕೂತು, ಇನ್ನೊಂದು ಕತ್ತಿ ಹಿಡಿದು ಜೊತೆಗೆ ಕತ್ತರಿಸಿದರು. ಅದೂ ಅವನಿಗೆ ಹಿಂಸೆಯಾಯಿತು.

ತಟ್ಟೆ ಒಯ್ಯಲು ಭಾವ ಕೈಗಾಡಿ ತಂದರು. ಈ ಸಲ ಬಾಗಿಲಲ್ಲಿ ಕೂಗಲಿಲ್ಲ. ನಿಂತು, ಒಳಗೆ ಬರಬಹುದೇ ಎಂದು ಕೇಳಿ ಬಂದರು. ಅಂಗಿ ಇಸ್ತ್ರಿಯಾಗಿತ್ತು.

"ಬಿಲ್ಲು ಎಷ್ಟಾಯ್ತು, ಹೇಳಿ," ಎಂದರು.

ಹೇಳು ಅಲ್ಲ, ಹೇಳಿ. ಅಂದಾಜಪ್ಪ ಯಜಮಾನರನ್ನೇನಾದರೂ ಕೇಳಿದರೇನೋ ಎಂದು ಹಿಂದೆ ತಿರುಗಿ ನೋಡಿದ. ಅಲ್ಲಿ ಯಾರೂ ಇರಲಿಲ್ಲ.

"ಏನೂ ಇಲ್ಲ ಭಾವ. ಅದು ನನ್ನ ಲೆಕ್ಕ."

"ಪುಕ್ಕಟೆ ಬೇಡ. ಶೀಟಿಗೆ ಖರ್ಚಾಗಿರುತ್ತಲ್ಲ. ನೀವು ಹೇಳಿ."

ಬೇರೆ ದಾರಿಯಿಲ್ಲದೆ ಅಂದಾಜಪ್ಪ ಶೀಟಿನ ಅಸಲು ಹೇಳಿದ. ಭಾವ ಕಿವಿಯ ಮೇಲಿನ ಪೆನ್ಸಿಲ್ ತೆಗೆದು ಅಂಗೈ ಮೇಲೆ ಗೀಚಿ ಲೆಕ್ಕ ಮಾಡಿದರು. "ಸ್ವಲ್ಪ ಜಾಸ್ತಿ ಆಯ್ತು. ನೋಡಿ ಕಡಿಮೆ ಮಾಡ್ಕೊಳ್ಳಿ," ಎಂದರು.

ಅವರು ಚೌಕಾಸಿ ಮಾಡುತ್ತಿದ್ದರು. ಸಂತೆಯಲ್ಲಿ ಗುರುತಿಲ್ಲದವನ ಹತ್ತಿರ ಮಾಡುವ ಹಾಗೆ, ಸಿಟ್ಟಿಲ್ಲದೆ, ವಿಶ್ವಾಸವೂ ಇಲ್ಲದೆ. ಅಂದಾಜಪ್ಪ ಕಡಿಮೆ ಮಾಡಿದ. ಅವರು ಇನ್ನೊಂದು ಸಲ ಕೇಳಿದರು. ಇವನು ಇನ್ನೂ ಇಳಿದ. ಹಣ ಎಣಿಸಿ ಕೊಟ್ಟು, ರಸೀದಿ ಬರೆಸಿಕೊಂಡು, "ಬರ್ತೀನಿ," ಎಂದು ಗಾಡಿ ತಳ್ಳಿಕೊಂಡು ಹೋದರು. ಗಾಡಿಗೆ ತಟ್ಟೆ ತುಂಬುವಾಗ ಇವನು ಕೈ ಹಾಕಲು ಹೋದರೆ, "ಇರಲಿ, ನಿಮಗ್ಯಾಕೆ ತೊಂದರೆ," ಎಂದಿದ್ದರು.

ತಟ್ಟೆಗಳು ನಿಧಾನವಾಗಿ ಹೋದವು. ವೃದ್ಧಾಶ್ರಮದವನು ಒಂದಷ್ಟು ಕೊಂಡ, ವ್ಯಾಯಾಮದ ಹೆಂಗಸು ತನ್ನ ಪರಿಚಯದವರಿಗೆಲ್ಲ ಹೇಳಿದಳು. ಖರೀದಿ ಅಧಿಕಾರಿಯೂ ತನ್ನ ಮಾವನಿಗೆ ಎರಡು ತರಿಸಿಕೊಂಡಳು. ಹಾಕಿದ ಹಣ ಬಂತು, ಅದರ ಮೇಲೆ ಅಲ್ಪಸ್ವಲ್ಪ ಲಾಭವೂ ಬಂತು. ಅಕ್ಕ ಗುಂಡಿ ಹೊಲಿಯುವುದನ್ನು ನಿಲ್ಲಿಸಿದಳು. ಹಣ ಬಿಡಿಬಿಡಿಯಾಗಿ ಬಂದು ಮನೆ ಖರ್ಚಿಗೆ ಕರಗಿದ್ದರಿಂದ ಮಾರಿದ ಯಂತ್ರವನ್ನು ಮತ್ತೆ ಕೊಳ್ಳುವಷ್ಟು ಮಾತ್ರ ಕೂಡಲಿಲ್ಲ. ಅಂದಾಜಪ್ಪ ಹೋಗ್ಬನ್ನಿ ರೇಟು ಹಾಕುವುದನ್ನು ಬಿಟ್ಟ. ಬೇಡದ ಕೆಲಸವಾದರೆ "ಇದು ನಮ್ಮಿಂದ ಆಗಲ್ಲ, ಕ್ಷಮಿಸಿ" ಎಂದು ಮುಖ ನೋಡಿಯೇ ಹೇಳುತ್ತಿದ್ದ. ಕೆಲವರು ಬೈದುಕೊಂಡು ಹೋದರು. ಯಜಮಾನರೂ ಗದರಿದರು. ಆದರೂ ಅದರಿಂದ ಅವನ ಎದೆಯ ಭಾರವೇನೂ ಇಳಿಯಲಿಲ್ಲ.

ಭಾವ ಅವನ ಜೊತೆ ಮಾತು ಬಿಡಲಿಲ್ಲ. ಮನೆಗೆ ಹೋದರೆ "ಬನ್ನಿ, ಕೂತ್ಕೊಳ್ಳಿ" ಎನ್ನುತ್ತಿದ್ದರು. ಆರೋಗ್ಯ ವಿಚಾರಿಸುತ್ತಿದ್ದರು. ಹೊಸದಾಗಿ ಏನಾದರೂ ಯೋಚನೆ ಮಾಡಿದ್ದರೆ ಅದನ್ನು ಮಾತ್ರ ಇವನ ಮುಂದೆ ತೆಗೆಯುತ್ತಿರಲಿಲ್ಲ. ಒಂದು ಸಂಜೆ ಅವರು ಅಜ್ಜಿಯನ್ನು ಕೈಹಿಡಿದು ಅಂಗಳದಲ್ಲಿ ನಡೆಸುತ್ತಿದ್ದಾಗ ಅಕ್ಕ ಅಡುಗೆಮನೆಯಿಂದ ಬಂದು ಮೆಲ್ಲಗೆ ಕೇಳಿದಳು.

"ಅಲ್ವೋ, ನಿಮ್ಮ ಭಾವ ಈಚೆಗೆ ನಿನಗೆ ಬನ್ನಿ ಹೋಗಿ ಅಂತಾರಲ್ಲ, ಏನು ಸಮಾಚಾರ?"

ಅಕ್ಕನಿಗೆ ಹೇಳ್ಬೇಡ ಎಂದಿದ್ದ ಭಾವನ ಮಾತು ಅಂದಾಜಪ್ಪನಿಗೆ ನೆನಪಾಯಿತು. "ನಾನೂ ದೊಡ್ಡವನಾದೆ ಅಲ್ವಾ ಅಕ್ಕ," ಎಂದ.

ಅಕ್ಕನ ಮುಖ ಅರಳಿತು. "ಹೌದಪ್ಪಾ. ಅಷ್ಟು ದೊಡ್ಡ ಕೆಲಸ ಮಾಡಿಕೊಟ್ಟೆ, ಅದಕ್ಕೇ ಮರ್ಯಾದೆ ಕೊಡ್ತಾರೆ," ಎಂದು ಕಾಫಿ ಲೋಟವನ್ನು ಅವನ ಕೈಗಿಟ್ಟಳು. ಅವನು ಅದನ್ನು ಹಿಡಿದುಕೊಂಡು, ಅಂಗಳದ ಕಡೆ ನೋಡದೆ, ಬಿಸಿಬಿಸಿಯಾಗಿಯೇ ಕುಡಿದು ಮುಗಿಸಿದ.